ದಿನಕ್ಕೊಂದು ಫೋಟೊ, ಊರಿಗೊಂದು ಅರ್ಥ

ಕೆಲಸವಿಲ್ಲದ ಮನುಷ್ಯ ಹವ್ಯಾಸ ಹಿಡಿಯಬಾರದು. ಹಿಡಿದರೂ ನಾಲ್ಕು ಜನರಿಗೆ ತೋರಿಸಬಾರದು. ನಿವೃತ್ತನಾದ ಮೇಲೆ ನಾನು ಎರಡನ್ನೂ ಮಾಡಿದೆ. ವರ್ಷಪೂರ್ತಿ ದಿನಕ್ಕೊಂದು ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತೇನೆಂದು ಹೆಂಡತಿ ಗಿರಿಜೆಯ ಎದುರು ಪಣ ತೊಟ್ಟೆ. ವಾಕಿಂಗು, ಯೋಗ, ಡೈರಿ, ಯಾವುದನ್ನೂ ಹದಿನೈದು ದಿನ ದಾಟಿಸಿದ ಮನುಷ್ಯ ನಾನಲ್ಲ. "ಇದನ್ನಾದ್ರೂ ಪೂರ್ತಿ ಮಾಡಿ, ನೋಡಾನ" ಎಂದಳು. ಆ 'ನೋಡಾನ'ದಲ್ಲಿ ನನ್ನ ಮರ್ಯಾದೆ ಸಿಕ್ಕಿಕೊಂಡಿತು.

ನಮ್ಮ ಬಿಳಿಗೆರೆಯಲ್ಲಿ ಫೋನನ್ನು ಎತ್ತ ತಿರುಗಿಸಿದರೂ ತೆಂಗಿನಮರ. ಬೆಳಗಿನ ಬಿಸಿಲಲ್ಲಿ ತೆಂಗು, ಮೋಡದಡಿ ತೆಂಗು, ಬುಡದಿಂದ ತೆಂಗು, ಬೇಲಿಯಾಚೆಯಿಂದ ತೆಂಗು. ಬದಲಾವಣೆ ಇರಲೆಂದು ಒಂದು ದಿನ ಬೋರ್‌ವೆಲ್ ನೀರು ಸುರಿಯುವುದನ್ನು, ಮರುದಿನ ತೋಟದ ದಾರಿಯನ್ನು ಹಾಕಿದೆ. ಆ ಸಂಜೆ ತುರುವೇಕೆರೆಯ ಗೆಳೆಯ ಶಿವಣ್ಣ ಫೋನ್ ಮಾಡಿದ. "ಲೇ, ತೋಟ ಮಾರ್ತಿದ್ದೀಯಲ್ಲ, ನಂಗೊಂದು ಮಾತು ಹೇಳ್ಬಾರ್ದೇನ್ಲಾ?" ನಮ್ಮ ಕಡೆ ಮರ, ನೀರು, ದಾರಿ ಮೂರನ್ನೂ ಸ್ಟೇಟಸ್ಸಿಗೆ ಹಾಕುವವರು ಜಮೀನು ಮಾರುವವರು ಮಾತ್ರ. ಇದು ನನಗೆ ಹೊಳೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಬ್ರೋಕರ್ ಒಬ್ಬ ಬಂದು, ಕಾಫಿ ಕುಡಿದು, ಪಹಣಿ ಕೇಳಿದ.

ಗಿರಿಜೆ ತಲೆ ಮೇಲೆ ಕೈ ಹೊತ್ತಳು. "ತೋಟದ ಸಾವಾಸ ಬುಡ್ರೀ. ಬೇಕಾದ್ರೆ ನನ್ನ ಫೋಟೊ ತೆಗೀರಿ." ಮದುವೆಯಾದ ಮೇಲೆ ಅವಳೇ ಕೇಳಿ ತೆಗೆಸಿಕೊಂಡ ಮೊದಲ ಫೋಟೊ ಅದು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಬಿಳಿ ಗೋಡೆಯೆದುರು ನಿಂತಳು. ನಗಲಿಲ್ಲ. ಚೆನ್ನಾಗಿ ಬಂತು, ನನಗೆ ನಿಜಕ್ಕೂ ಹೆಮ್ಮೆಯಾಯಿತು. ಕೆಳಗೆ ಏನಾದರೂ ಇರಬೇಕಲ್ಲ ಎಂದು ಕೈ ಮುಗಿದ ಗುರುತೊಂದನ್ನು ಹಾಕಿ, ಫೋನನ್ನು ಚಾರ್ಜಿಗಿಟ್ಟು ಒಂದು ನಿದ್ದೆ ತೆಗೆದೆ.

ಅಂದೇ ಮಧ್ಯಾಹ್ನ ದಬ್ಬೇಘಟ್ಟದಿಂದ ಅವಳ ತಮ್ಮ ಮಹೇಶ ಹಾರ ಹಿಡಿದು ಬಂದ, ಹಿಂದೆ ಒಂದು ಟೆಂಪೊ ಜನ. ಬಾಗಿಲು ತೆಗೆದವಳು ಗಿರಿಜೆಯೇ. ಅವನು ಹಾರವನ್ನು ಬೆನ್ನ ಹಿಂದೆ ಸರಿಸಿ, "ಅಕ್ಕ, ಹುಷಾರಾಗಿದ್ದೀಯಾ?" ಎಂದ. "ಬಾರಪ್ಪ, ಎಲ್ಲಾ ಊಟ ಮಾಡ್ಕಂಡೇ ಹೋಗಿ" ಎಂದು ಅವಳು ಅಷ್ಟೂ ಜನಕ್ಕೆ ಅನ್ನಕ್ಕಿಟ್ಟಳು. ಮಹೇಶ ನನ್ನನ್ನು ಪಕ್ಕಕ್ಕೆ ಕರೆದ. "ಒಬ್ರದೇ ಫೋಟೊ ಹಾಕಿ ಕೈ ಮುಗುದ್ರೆ ಏನರ್ಥ ಭಾವ? ಯಾಕಾಕಿದ್ರಿ?" ಗೌರವಕ್ಕೆ ಎಂದೆ. ಬದುಕಿರುವ ಹೆಂಡತಿಗೆ ಗಂಡ ಗೌರವ ಕೊಡುವುದನ್ನು ಅವನು ಕೇಳಿರಲಿಲ್ಲ.

ಜನ ಹೋದ ಮೇಲೆ, "ಇನ್ನು ನಿಲ್ಸಿಬಿಡ್ಲೇನೇ?" ಎಂದೆ. "ಹೆಂಗೂ ನಿಲ್ಸೋರೇ ಬುಡಿ" ಎಂದು ಅವಳು ಪಾತ್ರೆ ತೊಳೆಯುತ್ತಲೇ ಹೇಳಿದಳು. ಅದು ಚುಚ್ಚಿತು. ಮರುದಿನ ನನ್ನದೇ ಫೋಟೊ ಹಾಕಿದೆ. ಬಿಳಿ ಗೋಡೆ, ಬಿಳಿ ಪಂಚೆ, ಅದೇ ಕೈ ಮುಗಿದ ಗುರುತು. ಯಾರಾದರೂ ಓಡಿ ಬಂದರೆ ಇರಲೆಂದು ಗಿರಿಜೆಗೆ ಒಂದು ಸೇರು ಅಕ್ಕಿ ಜಾಸ್ತಿ ಹಾಕಲೂ ಹೇಳಿದ್ದೆ. ಸಂಜೆಯವರೆಗೂ ಒಂದು ಫೋನಿಲ್ಲ. ಸ್ಟೇಟಸ್ ತೆರೆದು ನೋಡಿದರೆ ನೆಂಟರಿಷ್ಟರೆಲ್ಲ ನೋಡಿಯಾಗಿದೆ. ಮಹೇಶನೊಬ್ಬ ಹೆಬ್ಬೆರಳೆತ್ತಿದ ಗುರುತು ಕಳಿಸಿದ್ದ.