ಸೊಟ್ಟ ಡ್ರೈವಿನ ನಿಯತ್ತು

ನನ್ನ ಹೆಂಡತಿ ಹೊಲಿಗೆ ಟೀಚರು. ಹೊಲಿಗೆ ಕಲಿಸುವ ಪುಸ್ತಕವೊಂದನ್ನು ಬರೆಯುತ್ತಿದ್ದಳು. ಅದರ ಮೊದಲ ಪುಟದ ಕೃತಜ್ಞತೆ ನನಗೇ ಸಲ್ಲುತ್ತದೆಂದು, ಯಾರೂ ಹೇಳದಿದ್ದರೂ, ನಾನು ನಂಬಿಕೊಂಡಿದ್ದೆ. (ಕಂಪ್ಯೂಟರ್ ಕೊಡಿಸಿದವನು ನಾನು. ಸೆಕೆಂಡ್ ಹ್ಯಾಂಡ್ ನಿಜ, ಆದರೂ ಕೊಡಿಸಿದ್ದು ಕೊಡಿಸಿದ್ದೇ ತಾನೆ.)

ಆ ಕಂಪ್ಯೂಟರಿಗೆ ಸ್ವಂತ ನೆನಪಿಲ್ಲ. ಹಾರ್ಡ್ ಡಿಸ್ಕ್ ಕೈಲಾಸ ಸೇರಿ ಬಹಳ ಕಾಲವಾಗಿತ್ತು. ಬೆಳಿಗ್ಗೆ ಆಪರೇಟಿಂಗ್ ಸಿಸ್ಟಮ್ ತುಂಬಿದ ಬೂಟ್ ಫ್ಲಾಪಿಯನ್ನು ಬಾಯಿಗಿಟ್ಟರೆ ಏಳುತ್ತದೆ. ಆಮೇಲೆ ಅವಳ ಪಾಠಗಳ ಫ್ಲಾಪಿ. ಇತ್ತೀಚೆಗೆ ಬೂಟ್ ಫ್ಲಾಪಿ ಸತಾಯಿಸುತ್ತಿತ್ತು. ಕರಕರ ಕೆರೆದು ಸುಮ್ಮನಾಗುವುದು. ತೆಗೆದು ಮತ್ತೆ ಹಾಕಿದರೆ, ಮನಸ್ಸಿದ್ದರೆ ಏಳುವುದು. ಹೊಸ ಫ್ಲಾಪಿ ತಂದು, ಫ್ಲಾಪಿ ಓದಿ ಬರೆಯುವ ಅದೇ ಡ್ರೈವಿನಲ್ಲಿ ನಕಲು ಮಾಡಿದೆ. ಅದೂ ಅದೇ ಜಾಡು ಹಿಡಿಯಿತು.

ಪುಸ್ತಕದ ಅಚ್ಚಿಗೆ ಕೊಡುವ ಪ್ರತಿ ಒಯ್ಯಲು ಪ್ರೆಸ್ಸಿನವರು ಬರುವ ದಿನವೇ ನನಗೆ ಜ್ಞಾನೋದಯವಾಯಿತು. ತಪ್ಪು ಫ್ಲಾಪಿಯದ್ದಲ್ಲ, ಡ್ರೈವಿನದ್ದು. ಅವಳು ತರಗತಿಗೆ ಹೋದದ್ದೇ ತಡ, ಹೊಸ ಡ್ರೈವ್ ತಂದು ಸ್ವಹಸ್ತದಿಂದ ಜೋಡಿಸಿದೆ. ಹಳೆಯದನ್ನು ಬೀದಿ ಕೊನೆಯ ಗುಜರಿ ಅಂಗಡಿಗೆ ಹಾಕಿ ಬಂದೆ.

ನಮ್ಮ ಬೂಟ್ ಫ್ಲಾಪಿಗಳಲ್ಲಿ ಯಾವುದನ್ನು ಹಾಕಿದರೂ ಕಂಪ್ಯೂಟರ್ ಏಳಲಿಲ್ಲ. ಆಫೀಸಿನಿಂದ ತಂದಿದ್ದ ಬೂಟ್ ಫ್ಲಾಪಿ ಹಾಕಿದೆ, ತಕ್ಷಣ ಎದ್ದಿತು. ಎದೆಯುಬ್ಬಿಸಿ ಪಾಠಗಳ ಫ್ಲಾಪಿ ಹಾಕಿದೆ. ಓದಲಿಲ್ಲ. ಇನ್ನೊಂದು, ಮತ್ತೊಂದು, ಯಾವುದನ್ನೂ ಓದಲಿಲ್ಲ. ಮನೆಕೆಲಸ ಮುಗಿಸಿ, ಕಣ್ಣುರಿ ಬರುವವರೆಗೆ ಕೂತು ಅವಳು ಬರೆದ ಪಾಠಗಳು.

ಅವಳು ಬಂದವಳು ನನ್ನ ಮುಖ ನೋಡಿದಳು, ಹೊಸ ಡ್ರೈವ್ ನೋಡಿದಳು, ಪರದೆಯ ಮೇಲಿನ ಎರರ್ ನೋಡಿದಳು.

"ಹಳೇ ಡ್ರೈವ್ ಎಲ್ಲಿ?"

"ಗುಜರಿಗೆ ಹಾಕ್ದೆ. ಅದು ಸರಿ ಇರ್ಲಿಲ್ಲ ಕಣೆ."

"ಇಷ್ಟು ದಿನ ನಾನು ಬರೆದಿದ್ದು ಯಾವುದ್ರಲ್ಲಿ?"

"ಅದ್ರಲ್ಲೇ."

"ರೀ, ಎಳೆದೂ ಎಳೆದೂ ಉದ್ದ ಆಗಿರೋ ಟೇಪಲ್ಲಿ ಅಳತೆ ತಗೊಂಡ್ರೆ, ಬಟ್ಟೆ ಕತ್ತರಿಸೋಕೂ ಅದೇ ಟೇಪ್ ಬೇಕು. ಹೊಸ ಟೇಪ್ ಹಿಡಿದ್ರೆ ಅಂಗಿ ಮೈಗೆ ಹತ್ತಲ್ಲ. ಆ ಡ್ರೈವ್ ಸೊಟ್ಟಗೆ ಬರೆದಿದ್ದನ್ನ ಆ ಡ್ರೈವೇ ಓದ್ಬೇಕು." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. ಹಿಂದೆ ನಾನು, ಅಪರಾಧಿಯಂತೆ. ಗುಜರಿಯವನು ಸುತ್ತಿಗೆ ಹಿಡಿದು ಏನನ್ನೋ ಒಡೆಯುತ್ತಿದ್ದ.

ಅವನು ನಮ್ಮನ್ನು ಕಂಡು, ಕಪಾಟಿನ ಮೇಲಿಂದ ಡ್ರೈವ್ ಇಳಿಸಿ ಅವಳ ಕೈಗೇ ಕೊಟ್ಟ.

"ಎತ್ತಿಟ್ಟಿದ್ರಾ?" ಎಂದಳು.

"ಯಜಮಾನ್ರು ತಂದು ಹಾಕಿದ ಸಾಮಾನನ್ನ ನಾನು ಸಂಜೆವರೆಗೂ ಒಡೆಯಲ್ಲಮ್ಮ. ಮನೆಯವರು ಬಂದೇ ಬರ್ತಾರೆ."

ಹಳೆಯ ಡ್ರೈವನ್ನು ಮತ್ತೆ ಜೋಡಿಸಿದೆ. ಯಥಾಪ್ರಕಾರ ಕೆರೆದು, ಮುನಿಸಿಕೊಂಡು, ಕೊನೆಗೂ ಎದ್ದಿತು. ಪಾಠಗಳೆಲ್ಲ ಇದ್ದವು. ಅವಳು ಮೇಜಿಗೆ ಹಣೆ ಒತ್ತಿದಳು. ಪ್ರೆಸ್ಸಿನವರು ಬಂದಾಗ, "ಒಂದು ನಿಮಿಷ, ಒಂದೆರಡು ಸಾಲು ಸೇರಿಸೋದಿದೆ" ಎಂದು ಅವರನ್ನು ಕೂರಿಸಿ ಏನೋ ಟೈಪು ಮಾಡಿ, ಎಲ್ಲವನ್ನೂ ಪ್ರಿಂಟ್ ತೆಗೆದು ಕೊಟ್ಟಳು.

ಪುಸ್ತಕ ಅಚ್ಚಾಗಿ ಬಂತು. ಮೊದಲ ಪುಟ ತೆರೆದೆ. "ಸಂಜೆಯವರೆಗೆ ಕಾದ ಗುಜರಿ ಅಂಗಡಿಯವರಿಗೆ ಕೃತಜ್ಞತೆಗಳು" ಎಂದಿತ್ತು. ಅಲ್ಲಿಗೇ ಮುಗಿಯಿತು.

"ಮತ್ತೆ ನಾನು?"

"ಇದ್ದೀರಲ್ಲ, ಮೊದಲನೇ ಪಾಠದಲ್ಲಿ."

ಪುಟ ತಿರುಗಿಸಿದೆ. ಇದ್ದೆ. "ಹೊಲಿಗೆ ಮುಗಿಯುವವರೆಗೆ ಹಳೆಯ ಟೇಪನ್ನು ಎಸೆಯಬಾರದು. ಗಂಡನ ಕೈಗೆಟುಕದ ಜಾಗದಲ್ಲಿ ಇಡಬೇಕು."