ನಾನು ಆರಿಸಿಕೊಂಡ ತೆಳ್ಳನೆಯ ಪುಸ್ತಕ

ಪುಸ್ತಕ ಓದಿ ಕೆಟ್ಟವರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಇಸ್ಪೀಟಾಡಿ ಕೆಟ್ಟವರು, ಕುಡಿದು ಕೆಟ್ಟವರು, ಚುನಾವಣೆಗೆ ನಿಂತು ಕೆಟ್ಟವರು, ಇವರ ಕಥೆಗಳನ್ನು ಯಾವ ಜಗಲಿಯ ಮೇಲೆ ಕೂತರೂ ಬೇಕಾದಷ್ಟು ಕೇಳಬಹುದು. ಓದಿ ಕೆಟ್ಟವನು ಮಾತ್ರ ಕೊನೆಯವರೆಗೂ ಮರ್ಯಾದಸ್ಥನಾಗಿಯೇ ಉಳಿಯುತ್ತಾನೆ. ಯಾಕೆಂದರೆ ಕೆಡುವುದು ಅವನಲ್ಲ, ಅವನ ಮಾತು ಕೇಳಿದವರು. ನಾನು ಈ ಮರ್ಯಾದಸ್ಥರ ಪೈಕಿ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಹೇಳದೆ ಹೇಳದೆ ಹೊಟ್ಟೆಯಲ್ಲಿ ಹುಳಿಯಾಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಿ.ಎ. ಮುಗಿಸಿದೆ. ಮುಂದೇನು ಎಂದು ಯಾರಾದರೂ ಕೇಳುವ ಮೊದಲೇ ಉತ್ತರ ಸಿದ್ಧವಿರಲಿ ಎಂದು ಲಾ ಅಂದುಬಿಟ್ಟೆ. ಅಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಕಂಬ ಹತ್ತಿ ಹತ್ತಿ ಅವರಿಗೆ ನೆಲದ ಮೇಲೆ ನಿಂತು ಮಾಡುವ ಯಾವ ಕೆಲಸವಾದರೂ ದೊಡ್ಡದಾಗಿಯೇ ಕಾಣುತ್ತಿತ್ತು. "ಓದು. ನಮ್ಮನೇಲೂ ಒಬ್ಬ ಕರೀ ಕೋಟು ಹಾಕ್ಕಳ್ಳಿ" ಎಂದರು. ಮೈಸೂರಿನ ಕಾಲೇಜು ಶುರುವಾಗಲು ಎರಡು ತಿಂಗಳಿತ್ತು. ಅಷ್ಟರೊಳಗೆ ಏನಾದರೂ ಓದಿಕೊಂಡು ಹೋಗಬೇಕು, ಮೈಸೂರಿನ ಹುಡುಗರ ಮುಂದೆ ಪೆದ್ದನಂತೆ ಕೂರಬಾರದು ಎಂಬುದು ನನ್ನ ಹಟ. ಏನು ಓದುವುದು ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಕೇಳಿದ್ದೇ ತಪ್ಪಾಯಿತು. ಮದುವೆಗೆ ಹೆಣ್ಣು ಹುಡುಕುವಾಗಲೂ ನಮ್ಮ ಕಡೆಯವರು ಇಷ್ಟು ಧಾರಾಳವಾಗಿ ಸಲಹೆ ಕೊಡುವುದಿಲ್ಲ.

ನಿವೃತ್ತರಾಗಿದ್ದ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರು ಇಂಗ್ಲಿಷ್ ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ಓದು, ಲಾ ಎಂದರೆ ಇಂಗ್ಲಿಷು, ಬೇರೇನೂ ಅಲ್ಲ ಎಂದರು. ಎಂಟು ದಿನ ಓದಿದೆ. ಮೊದಲನೆಯ ಅಕ್ಷರದ ಊರ ಗಡಿಯನ್ನೂ ದಾಟಲಾಗಲಿಲ್ಲ. ಆಮೇಲೆ ಗುಂಡ್ಲುಪೇಟೆಯ ವಕೀಲರೊಬ್ಬರ ಗುಮಾಸ್ತ ನಂಜಯ್ಯನ ಬಳಿ ಹೋದೆ. ನಂಜಯ್ಯ ಮೂವತ್ತು ವರ್ಷದಿಂದ ಕೋರ್ಟಿನ ವರಾಂಡದಲ್ಲಿ ಬೀಡಿ ಸೇದಿದವನು. ಕಪಾಟಿನಲ್ಲಿದ್ದ ದಪ್ಪ ದಪ್ಪ ಪುಸ್ತಕಗಳನ್ನು ನಾನು ಆಸೆಯಿಂದ ನೋಡುತ್ತಿದ್ದರೆ ಅವನು ನಕ್ಕ. "ಅವೆಲ್ಲ ನಮ್ ಸಾಹೇಬ್ರೇ ಓದಿಲ್ಲ ಕಣ್ಲಾ. ನೀನು ಒಂದ್ ಕೆಲ್ಸ ಮಾಡು. ಅಮೀನನ ಜೊತೇಲಿ ನಾಕ್ ಊರು ತಿರುಗು. ಸಮನ್ಸು ಎಂಗ್ ಕೊಡ್ತಾನೆ, ಜನ ಏನಂತಾರೆ, ವಸಿ ನೋಡ್ಕೊ. ಆಮೇಲೆ ಪುಸ್ತಕ ತಾನಾಗೇ ತಲೇಗ್ ಓಯ್ತದೆ" ಎಂದ. ಕೋರ್ಟಿನ ಕಾಗದ ಹೊತ್ತು ಊರೂರು ಸೈಕಲ್ ತುಳಿಯುವ ಅಮೀನನ ಹಿಂದೆ ನಾನು, ನಾಳೆಯ ವಕೀಲ, ತಿರುಗುವುದೆಂದರೇನು. ನನಗೆ ಬಹಳ ಅವಮಾನವಾಯಿತು. ಆ ಎರಡು ತಿಂಗಳಲ್ಲಿ ನನಗೆ ಸಿಕ್ಕಿದ ಒಂದೇ ಒಂದು ಒಳ್ಳೆಯ ಸಲಹೆ ಅದು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದೆ.

ಕೊನೆಗೆ ಪುಸ್ತಕವನ್ನು ನಾನೇ ಆರಿಸಿದೆ. ಚಾಮರಾಜನಗರದ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಸಿವಿಲ್ ದಾವೆಗಳ ಬಗ್ಗೆ ಪ್ರಶ್ನೋತ್ತರದ ಗೈಡು ಸಿಕ್ಕಿತು. ಕೆಂಪು ರಟ್ಟು. ಕಂಕುಳಲ್ಲಿ ಇಟ್ಟುಕೊಂಡರೆ 'ಲಾ' ಎಂಬ ದೊಡ್ಡ ಅಕ್ಷರ ಹೊರಗೆ ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ತೆಳ್ಳಗಿತ್ತು. ಮಾವಿನಹಣ್ಣನ್ನಾದರೂ ನಾನು ಮೂಸಿ, ಅಮುಕಿ, ತೊಟ್ಟು ನೋಡಿ ಆರಿಸುತ್ತೇನೆ. ಜೀವನ ನಡೆಸಬೇಕಾದ ವಿದ್ಯೆಯನ್ನು ರಟ್ಟಿನ ಬಣ್ಣ ನೋಡಿ ಆರಿಸಿದೆ. ಬಸ್ಸಿನಲ್ಲಿ ಅದರ ಮಹಿಮೆ ತಕ್ಷಣವೇ ತಿಳಿಯಿತು. ಸೀಟಿನಲ್ಲಿ ಕೂತಿದ್ದ ತೆರಕಣಾಂಬಿಯ ಒಬ್ಬ ರುಮಾಲಿನ ಯಜಮಾನ "ಏನ್ ಬುಕ್ಕು ಸಾಮಿ ಅದು?" ಎಂದು ಕೇಳಿದ. ಲಾ ಎಂದೆ. ಪಕ್ಕಕ್ಕೆ ಸರಿದು ಸೀಟು ಕೊಟ್ಟ. ಮೂರು ವರ್ಷ ಅದೇ ಬಸ್ಸಿನಲ್ಲಿ ಇತಿಹಾಸ ಪುಸ್ತಕ ಹಿಡಿದು ನಿಂತಿದ್ದವನಿಗೆ ಯಾರೂ ಕೊಡದ ಸೀಟು. ಇಳಿಯುವ ಮೊದಲು ತನ್ನ ಬದುವಿನ ತಕರಾರು ಹೇಳಿಕೊಂಡ. ನಾನು ಹುಬ್ಬು ಗಂಟಿಕ್ಕಿ, ನೋಡೋಣ, ಅದಕ್ಕೆ ದಾರಿ ಇದೆ ಎಂದೆ. ಕಾಲೇಜಿಗೆ ಅರ್ಜಿಯನ್ನೇ ಇನ್ನೂ ಹಾಕಿರಲಿಲ್ಲ. ಆಮೇಲೆ ಕೆಲಸವಿಲ್ಲದಿದ್ದರೂ ದಿನಾ ಆ ಬಸ್ಸು ಹತ್ತತೊಡಗಿದೆ. ಹದಿನೈದು ದಿನ ಕಳೆಯುವುದರೊಳಗೆ ಆ ಬಸ್ಸಿನಲ್ಲಿ ನಾನು ವಕೀಲನಾಗಿಬಿಟ್ಟಿದ್ದೆ.

ಆಗಲೇ ಕುದೇರಿನಿಂದ ನಮ್ಮ ಸೋದರತ್ತೆ ಹೇಳಿಕಳಿಸಿದ್ದು. ಪುಟ್ಟಮಾದತ್ತೆ ಅಪ್ಪನ ಅಕ್ಕ, ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಹಸು ಸಾಕಿ ಡೈರಿಗೆ ಹಾಲು ಹಾಕಿ ಬದುಕುತ್ತಿದ್ದಳು. ಮನೆಯ ಹಿಂದೆ ಹಿತ್ತಲು. ಅದರಲ್ಲೇ ಕೊಟ್ಟಿಗೆ, ಅದರಲ್ಲೇ ಬಾವಿ, ಅಲ್ಲೇ ಹುಲ್ಲಿನ ಮೆದೆ. ಆ ಹಿತ್ತಲು ಪೂರ್ತಿ ತನ್ನ ಪಾಲಿಗೆ ಬಂದದ್ದು ಎಂದು ಅವಳ ಮೈದುನ ಸಿದ್ದಪ್ಪ ಚಾಮರಾಜನಗರದ ಕೋರ್ಟಿನಲ್ಲಿ ದಾವೆ ಹಾಕಿದ್ದ. ಅತ್ತೆ ಹೊಲಕ್ಕೆ ಹೋಗಿದ್ದಾಗ ಅಮೀನ ಒಂದು ಸಲ ಬಂದುಹೋಗಿದ್ದ, ಗುರುವಾರ ಮತ್ತೆ ಬರುತ್ತೇನೆಂದು ಪಕ್ಕದ ಮನೆಯಲ್ಲಿ ಹೇಳಿದ್ದ. ನಾನು ಬುಧವಾರವೇ ಕೆಂಪು ಪುಸ್ತಕದೊಡನೆ ಹಾಜರಾದೆ.

"ಏನ್ಮಾಡನ ಮಗ? ಇಸ್ಕೊಂಡ್ಬುಡ್ಲಾ? ಸೈನ್ ಆಕುದ್ರೆ ಕೇಸು ಮೈಮ್ಯಾಕ್ ಬತ್ತದೆ ಅಂತಾರೆ ಜನ" ಎಂದಳು ಅತ್ತೆ. ಇದು ನಮ್ಮ ಹಳ್ಳಿಗಳ ಹಳೆಯ ನಂಬಿಕೆ. ರಿಜಿಸ್ಟರ್ ಕಾಗದವಿರಲಿ, ಸಮನ್ಸಿರಲಿ, ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ಏನೂ ಅಂಟುವುದಿಲ್ಲ. ನಾನು ಜಗಲಿಯ ಮೇಲೆ ಕೂತು ಗೈಡು ತೆರೆದೆ. ಪ್ರಶ್ನೆ: ಸಮನ್ಸು ಜಾರಿಯಾಗದೆ ಪ್ರತಿವಾದಿಯ ವಿರುದ್ಧ ದಾವೆ ನಡೆಸಬಹುದೇ? ಉತ್ತರ: ಇಲ್ಲ. ಪುಟ ಅಲ್ಲಿಗೆ ಮುಗಿದಿತ್ತು. ಹಳ್ಳಿಯ ನಂಬಿಕೆಗೂ ಕಾನೂನಿಗೂ ಇಷ್ಟು ಚೆನ್ನಾಗಿ ತಾಳೆಯಾದದ್ದು ಕಂಡು ನನಗೇ ರೋಮಾಂಚನವಾಯಿತು. "ಮುಟ್ಟಬೇಡ ಅತ್ತೆ. ನೀನು ಮುಟ್ಟದಿದ್ದರೆ ಕೇಸೇ ನಡೆಯಲ್ಲ. ಸಿದ್ದಪ್ಪ ಜೀವಮಾನ ಪೂರ್ತಿ ಕೋರ್ಟಿಗೆ ತಿರುಗಲಿ" ಎಂದೆ. ಹಸು ಕರು ಹಾಕಿ ಎರಡು ದಿನವಾಗಿತ್ತು. ಅತ್ತೆ ಬೆಲ್ಲ ಹಾಕಿ ಗಿಣ್ಣು ಮಾಡಿ, ಬಟ್ಟಲು ತುಂಬ ಬಡಿಸಿದಳು. ಎರಡು ಬಟ್ಟಲು ತಿಂದೆ. ಅದು ನನ್ನ ವೃತ್ತಿಜೀವನದ ಮೊದಲ ಫೀಸು.

ಗುರುವಾರ ಅಮೀನ ಬಂದ. ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳಂತೆ. ತಗೊಳ್ಳದಿದ್ದರೆ ನಿಮಗೇ ಕಷ್ಟ ತಾಯಿ ಎಂದು ಅವನು ಮೂರು ಸಲ ಹೇಳಿದನಂತೆ. "ನಮ್ ತಮ್ಮನ್ ಮಗ ಲಾ ಓದ್ತಾವ್ನೆ, ಮುಟ್ಬ್ಯಾಡ ಅಂದವ್ನೆ" ಎಂದು ಇವಳು. ಅವನು ಪಾಪ ಇಬ್ಬರು ಸಾಕ್ಷಿಗಳನ್ನು ಕರೆದು ಸಹಿ ಹಾಕಿಸಿ, ಕಾಗದವನ್ನು ಬಾಗಿಲಿಗೆ ಅಂಟಿಸಿ ಹೋದ. ಅತ್ತೆ ಅದನ್ನು ನೀರಲ್ಲಿ ನೆನೆಸಿ ಕಿತ್ತು, ಬಾಗಿಲು ತೊಳೆದು, ಅರಿಶಿನ ಕುಂಕುಮ ಇಟ್ಟಳು. ನಾನು ಮೈಸೂರಿಗೆ ಹೊರಟಾಗ ಇದನ್ನೆಲ್ಲ ಗೆಲುವಿನಿಂದ ಹೇಳಿ ನನ್ನ ಕೈಗೆ ಒಂದು ಡಬ್ಬ ತುಪ್ಪ ಕೊಟ್ಟಳು.

ಮುಂದಿನ ಬೇಸಿಗೆಯ ಹೊತ್ತಿಗೆ ಅಪ್ಪನ ಕಾಗದ ಬಂತು. ಅತ್ತೆಯ ಹಿತ್ತಲಿಗೆ ಸಿದ್ದಪ್ಪ ಗೋಡೆ ಎಬ್ಬಿಸಿದ್ದಾನೆ, ಕೋರ್ಟಿನ ಆರ್ಡರ್ ಇದೆಯಂತೆ, ನೀನು ಒಂದು ಸಲ ಬಂದು ನೋಡು ಎಂದು ಬರೆದಿದ್ದರು. ಹಾಸ್ಟೆಲಿನ ಮಂಚದ ಮೇಲೆ ಕೂತು ಕೆಂಪು ಗೈಡು ತೆಗೆದೆ. ಆ ಪುಟ ಮಗುಚಿದೆ. ಮುಂದಿನ ಪ್ರಶ್ನೆ: ಪ್ರತಿವಾದಿಯು ಸಮನ್ಸು ತೆಗೆದುಕೊಳ್ಳಲು ನಿರಾಕರಿಸಿದರೆ? ಉತ್ತರ: ಬಾಗಿಲಿಗೆ ಅಂಟಿಸಿದರೆ ಸಾಕು, ಕೋರ್ಟು ಅದನ್ನು ಜಾರಿಯಾದಂತೆಯೇ ಭಾವಿಸಬಹುದು, ಪ್ರತಿವಾದಿ ಬಾರದಿದ್ದರೆ ವಾದಿಯ ಮಾತನ್ನಷ್ಟೇ ಕೇಳಿ ಏಕಪಕ್ಷೀಯ ಡಿಕ್ರಿಯಾಗಬಹುದು. ಒಂದು ಹಾಳೆಯ ಆಚೆ ಬದಿ. ಬಸ್ಸಿನಲ್ಲಿ ಅಷ್ಟು ದಿನ ಆ ಪುಸ್ತಕ ಹಿಡಿದು ತಿರುಗಿದವನು ಒಂದು ಹಾಳೆ ಮಗುಚಿರಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಕುದೇರಿಗೆ ಹೋಗಿ ನೋಡಿದೆ. ಅಡಿಗೆಮನೆಯ ಹಿಂಬಾಗಿಲು ತೆರೆದರೆ ಒಂದು ಮೊಳ ದೂರದಲ್ಲಿ ಇಟ್ಟಿಗೆ ಗೋಡೆ. ಬಾವಿ ಆಚೆಗೆ, ಕೊಟ್ಟಿಗೆ ಆಚೆಗೆ. ಹಸುಗಳನ್ನು ಬೀದಿಯಲ್ಲಿ ಕಟ್ಟಿದ್ದಳು. ಮರುದಿನ ಅತ್ತೆಯನ್ನು ಕರೆದುಕೊಂಡು ಚಾಮರಾಜನಗರದ ಹಿರಿಯ ವಕೀಲರೊಬ್ಬರ ಆಫೀಸಿಗೆ ಹೋದೆ. ಅವಳನ್ನು ಹೊರಗೆ ಹೊಂಗೆಮರದ ಕೆಳಗೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಒಬ್ಬನೇ ಯಾಕೆ ಹೋದೆ ಎಂಬುದು ನನಗೆ ಆಗಲೇ ಗೊತ್ತಿತ್ತು. ವಕೀಲರು ಎಲ್ಲ ಕೇಳಿ, "ಡಿಕ್ರಿಯಾದ ಮೂವತ್ತು ದಿನದಲ್ಲಿ ಬರಬೇಕಿತ್ತು. ಈಗ ತಡ ಆಗಿದೆ. ಸಮನ್ಸು ತಗೊಬೇಡ ಅಂತ ಯಾರ್ರೀ ಹೇಳಿದ್ದು? ತಿಳಿದವರಂತೆ ತಪ್ಪು ಸಲಹೆ ಕೊಟ್ಟವರು ಯಾರಾದರೂ ಇದ್ದರೆ ಅವರಿಂದ ಒಂದು ಅಫಿಡವಿಟ್ ಹಾಕಿಸಿ. ಒಂದು ಕೈ ನೋಡೋಣ" ಎಂದರು. ಎರಡು ವರ್ಷದ ನಂತರ ಇದೇ ಆಫೀಸಿನಲ್ಲಿ ಜೂನಿಯರ್ ಆಗಿ ಸೇರಬೇಕು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದವನು ನಾನು. "ಯಾರೂ ಹೇಳಿಲ್ಲ ಸಾರ್. ಹಳ್ಳಿ ಹೆಂಗಸು, ತಿಳಿವಳಿಕೆ ಸಾಲದು. ಹೆದರಿಕೊಂಡು ತಗೊಂಡಿಲ್ಲ" ಎಂದೆ. ಹಾಗಾದರೆ ಕಷ್ಟ ಎಂದು ಅವರು ಫೈಲು ಮುಚ್ಚಿದರು.

ಹೊರಗೆ ಬಂದೆ. ಅತ್ತೆ ಎದ್ದು ನಿಂತು "ಏನಂದ್ರು ಮಗ?" ಎಂದಳು. "ಕೋರ್ಟಿನವರೇ ತಪ್ಪು ಮಾಡಿಬಿಟ್ಟಿದ್ದಾರೆ ಅತ್ತೆ. ಈಗ ಏನೂ ಮಾಡಕಾಗಲ್ಲ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಓಗ್ಲಿ ಬುಡು. ದೊಡ್ಡೋರ್ಗೂ ಒಂದೊಂದ್ ಕಿತ ತಪ್ಪಾಯ್ತದೆ. ಇದ್ಕೆಲ್ಲ ಬ್ಯಾಸ್ರ ಮಾಡ್ಕೊಂಡು ನೀನು ಓದೋದ್ನ ಬುಟ್ಬುಡ್ಬ್ಯಾಡ" ಎಂದು ನನಗೇ ಸಮಾಧಾನ ಹೇಳಿದಳು. ಆ ತಿಂಗಳೇ ಹಸುಗಳನ್ನು ತೆರಕಣಾಂಬಿ ಸಂತೆಯಲ್ಲಿ ಮಾರಿ ಕೂಲಿಗೆ ಹೋಗತೊಡಗಿದಳು. ನಾನು ಓದುವುದನ್ನು ಬಿಡಲಿಲ್ಲ. ಒಳ್ಳೆಯ ನಂಬರ್ ತೆಗೆದು ಪಾಸಾದೆ, ಅದೇ ವಕೀಲರ ಬಳಿಯೇ ಜೂನಿಯರ್ ಆದೆ.

ಚಾಮರಾಜನಗರ ಜಿಲ್ಲೆಯಾದ ಹೊಸತರಲ್ಲಿ ಸ್ವಂತ ಬೋರ್ಡು ಹಾಕಿಕೊಂಡೆ. ಮೂರು ತಿಂಗಳು ಬೋರ್ಡಿನ ಧೂಳು ಒರೆಸುವುದೇ ಕೆಲಸ. ಮೊದಲ ಕಕ್ಷಿದಾರಳನ್ನು ಕೈಹಿಡಿದು ಕರೆತಂದವಳು ಅತ್ತೆ. ಅವಳದೇ ಬೀದಿಯ ಶಿವಮ್ಮ. ಜಮೀನಿನ ಮೇಲೆ ಏಕಪಕ್ಷೀಯ ಡಿಕ್ರಿಯಾಗಿ ಹದಿನೆಂಟು ದಿನವಾಗಿತ್ತು. ಸಮನ್ಸು ಬಂದಿರಲಿಲ್ಲವೇ ಎಂದು ಕೇಳಿದೆ. ಬಂದಿತ್ತು, ಮುಟ್ಟಲಿಲ್ಲ ಎಂದಳು. ಯಾಕೆ ಎಂದೆ. ಶಿವಮ್ಮ ಅತ್ತೆಯ ಕಡೆ ನೋಡಿದಳು.

"ನಾನೇ ಏಳ್ದೆ ಕಣಪ್ಪ" ಎಂದಳು ಅತ್ತೆ. "ನೀನು ಏಳ್ಕೊಟ್ಟಿದ್ದಲ್ವಾ, ಮುಟ್ಬಾರ್ದು ಅಂತ. ನಂದ್ರಲ್ಲಿ ಕೋರ್ಟ್ನೋರು ತಪ್ ಮಾಡುದ್ರು, ಎಲ್ಲಾರ್ದ್ರಲ್ಲೂ ಮಾಡ್ತಾರಾ? ನಮ್ ಬೀದೀಲಿ ಎಲ್ರಿಗೂ ಏಳಿವ್ನಿ."

ಎಲ್ಲರಿಗೂ ಹೇಳಿದ್ದಳು. ಪಕ್ಕದ ಊರಿಗೂ ಹಬ್ಬಿತ್ತು. ಆ ವರ್ಷ ಆ ಕಡೆಯಿಂದ ಒಬ್ಬರ ಹಿಂದೊಬ್ಬರು ಬಂದರು. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸುವುದರಲ್ಲಿ ಇವನ ಕೈ ಒಳ್ಳೆಯದು ಎಂದು ನನಗೆ ಕೋರ್ಟಿನಲ್ಲಿ ಹೆಸರು ಬಂತು. ಇವತ್ತಿಗೂ ನನ್ನ ಮನೆಯ ಒಲೆ ಉರಿಯುವುದು ಹೆಚ್ಚು ಕಡಿಮೆ ಅದರಿಂದಲೇ.

ಅವತ್ತು ಶಿವಮ್ಮನ ಅಫಿಡವಿಟ್ಟನ್ನು ನಾನೇ ಬರೆದು ಇಬ್ಬರಿಗೂ ಓದಿ ಹೇಳಿದೆ. 'ಕಾನೂನು ತಿಳಿಯದ ಯಾರೋ ಒಬ್ಬರು ಕೊಟ್ಟ ತಪ್ಪು ಸಲಹೆಯನ್ನು ನಂಬಿ' ಎಂಬಲ್ಲಿಗೆ ಬಂದಾಗ ಅತ್ತೆ ತಡೆದಳು.

"ಯಾರಪ್ಪ ಅವ್ರು?"

"ಕೋರ್ಟಿಗೆ ಹಾಗೆ ಬರೀಬೇಕು ಅತ್ತೆ" ಎಂದೆ.

ಅತ್ತೆಗೆ ಸಮಾಧಾನವಾಯಿತು. ಶಿವಮ್ಮನ ಕಡೆ ತಿರುಗಿ, "ಸುಮ್ಕೆ ಅವ್ನು ತೋರ್ಸ್ದಲ್ಲಿ ಎಬ್ಬೆಟ್ಟು ಒತ್ತು ಕಣಮ್ಮಿ. ಓದಿರವ್ನು ಅವ್ನು" ಎಂದಳು. ನಾನು ಜಾಗ ತೋರಿಸಿದೆ. ಶಿವಮ್ಮ ಒತ್ತಿದಳು.