ಒಳ್ಳೆಯ ಕ್ರಿಮಿಗಳನ್ನು ಕುದಿಸಿದ್ದು

ಗಂಡಸರಿಗೆ ಅಡುಗೆಮನೆಯಲ್ಲಿ ಏನೂ ಬರುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಕುದಿಸಲು ಬರುತ್ತದೆ. ನೀರು, ಹಾಲು, ಲೋಟ, ಚಮಚ, ಕರ್ಚೀಫು, ಯಾವುದನ್ನು ಕೊಟ್ಟರೂ ಕುದಿಸಬಲ್ಲೆ. ಒಮ್ಮೆ ದ್ರಾಕ್ಷಿಯನ್ನೂ ಕುದಿಸಿದ್ದೇನೆ. ಈ ವಿದ್ಯೆಯನ್ನು ಶೋಕಿಗೆ ಕಲಿತವನಲ್ಲ. ನನ್ನ ಮಗಳು ರಮ್ಯಳಿಗೆ ಆರನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದು, ಮೂರು ವರ್ಷ ನಮ್ಮೂರು ಗುಂಡ್ಲುಪೇಟೆಯಿಂದ ಮೈಸೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಓಡಾಡಿದೆವು. ಅಲ್ಲಿನ ನರ್ಸಮ್ಮ ಮೊದಲ ದಿನವೇ, "ಮಗೂಗೆ ಕ್ರಿಮಿ ತಾಗಬಾರದು, ಏನು ಕೊಟ್ಟರೂ ಕುದಿಸಿ ಕೊಡಿ" ಎಂದಿದ್ದರು. ನಾನು ಚಾಮರಾಜನಗರದ ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಮೇಲಿನಿಂದ ಬಂದ ಆದೇಶವನ್ನು ಇನ್ನೊಂದು ಆದೇಶ ಬರುವವರೆಗೂ ಪಾಲಿಸುವವನು. ಮಗಳು ಗುಣವಾಗಿ, ಔಷಧಿ ನಿಂತು ಎರಡು ವರ್ಷವಾದ ಮೇಲೂ ನಮ್ಮ ಮನೆಯಲ್ಲಿ ಕುದಿಸುವುದು ನಿಂತಿರಲಿಲ್ಲ.

ಕಾಯಿಲೆಯೇನೋ ಹೋಯಿತು. ಅವಳ ಹೊಟ್ಟೆ ಮಾತ್ರ ಹಳೆಯ ಹೊಟ್ಟೆಯಾಗಲಿಲ್ಲ. ನಾಲ್ಕು ತುತ್ತು ತಿಂದರೆ ಉಬ್ಬರ, ಒಂದು ದಿನ ಭೇದಿ, ಮೂರು ದಿನ ಮಲಬದ್ಧತೆ. ತಟ್ಟೆ ಮುಂದಿಟ್ಟರೆ ಮುಖ ಆಚೆ ತಿರುಗಿಸುವಳು. ಹನ್ನೊಂದು ವರ್ಷದ ಹುಡುಗಿಯ ಕೈಗಳು ಹಾಗೆ ಕಡ್ಡಿಯಾಗಿರುವುದನ್ನು ನೋಡಿ ನನಗೂ ಊಟ ಸೇರುತ್ತಿರಲಿಲ್ಲ. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ಅಷ್ಟೊಂದು ಔಷಧಿಯಲ್ಲಿ ಕರುಳಿನ ಒಳ್ಳೆಯ ಕ್ರಿಮಿಗಳಿಗೂ ಪೆಟ್ಟು ಬಿದ್ದಿರಬಹುದು, ದಿನಾ ಮೊಸರು ಕೊಡಿ, ಒಂದು ತಿಂಗಳು ಈ ಪೌಡರು ಕೊಟ್ಟು ನೋಡೋಣ, ಇದರಲ್ಲಿ ಜೀವಂತ ಒಳ್ಳೆಯ ಕ್ರಿಮಿಗಳಿವೆ, ಜೊತೆಗೆ ಮಗು ಓಡಾಡಲಿ, ಆಡಲಿ, ಮೈ ಅಲುಗಾಡಿದರೆ ಕರುಳೂ ಚುರುಕಾಗುತ್ತದೆ ಎಂದರು. ಮೂರು ವರ್ಷ ಕ್ರಿಮಿಗಳ ಜೊತೆ ಯುದ್ಧ ಮಾಡಿದವನ ಕೈಗೆ ಕ್ರಿಮಿಗಳದೇ ಪೊಟ್ಟಣ ಕೊಟ್ಟರೆ ಅವನ ಸ್ಥಿತಿ ಏನಾಗಬೇಕು ನೀವೇ ಹೇಳಿ.

ಮೊಸರಿಗೆಂದು ಹಂಗಳದಲ್ಲಿದ್ದ ನಮ್ಮವ್ವನ ಹತ್ತಿರ ಹೋದೆ. ಮೊಸರಿನಲ್ಲೂ ಒಳ್ಳೆಯ ಕ್ರಿಮಿ ಇರುತ್ತದಂತೆ ಎಂದು ನಾನು ತಿಳಿದಷ್ಟು ತಿಳಿಸಿದೆ. ಅವ್ವ ಕೆರಳಿ ನಿಂತಳು. "ಏನ್ಲಾ, ನನ್ ಗಡಿಗೇಲಿ ಉಳ ಅವೆ ಅಂತೀಯ? ನಿನ್ನೂ ಇದೇ ಮೊಸ್ರಲ್ಲೇ ಸಾಕಿದ್ದು ಕಣ್ಲಾ! ಕೂಸ್ಗೆ ಐದು ವರ್ಸದಿಂದ ಒಂದ್ ತೊಟ್ಟು ಮಜ್ಗೆ ಕೊಡಾಕ್ ಬುಡ್ನಿಲ್ಲ, ಈಗ ಉಳ ಎಣ್ಸಾಕ್ ಬಂದವ್ನೆ." ಆದರೂ ಹೊರಡುವಾಗ ಗಡಿಗೆಗೆ ಬಾಳೆಲೆ ಕಟ್ಟಿ, ಸ್ಕೂಟರಿನ ಮುಂದೆ ತಾನೇ ಜೋಪಾನವಾಗಿ ಇಟ್ಟಳು.

ಪೌಡರಿನ ಉಸ್ತುವಾರಿ ನನ್ನದಾಯಿತು. ಬೆಳಿಗ್ಗೆ ಐದೂವರೆಗೆ ಎದ್ದು, ಪೊಟ್ಟಣ ಕತ್ತರಿಸಿ, ಹಾಲಿಗೆ ಸುರಿದು, ಮೂರು ಸಲ ಉಕ್ಕಿಸಿ, ಆರಿಸಿ ಕೊಡುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಹೆಂಡತಿ ನಾಗರತ್ನ ಒಮ್ಮೆ, "ಜೀವ ಇರೋದನ್ನ ಕುದಿಸಬೋದಾ?" ಎಂದು ಕೇಳಿದ್ದಳು. "ನಿನಗೆ ಇದೆಲ್ಲ ಗೊತ್ತಾಗಲ್ಲ" ಎಂದು ಗದರಿಸಿದ್ದೆ.

ವ್ಯಾಯಾಮವೂ ನನ್ನ ಉಸ್ತುವಾರಿಯಲ್ಲೇ ನಡೆಯಿತು. ಸಂಜೆ ಹಂಗಳದ ರಸ್ತೆಯಲ್ಲಿ ರಮ್ಯ ಟೋಪಿ, ಸ್ವೆಟರ್ ಹಾಕಿಕೊಂಡು ನಡೆಯುವಳು. ಹಿಂದೆ ನಾನು ಆಮೆಯ ವೇಗದಲ್ಲಿ ಸ್ಕೂಟರ್ ಓಡಿಸುತ್ತಾ ಬರುವೆ, ಮುಂದೆ ಕುದಿಸಿದ ನೀರಿನ ಫ್ಲಾಸ್ಕು. ಅವಳು ಒಂದು ಸಲ ಏದುಸಿರು ಬಿಟ್ಟರೆ ಸಾಕು, ಸ್ಕೂಟರಿಗೆ ಹತ್ತಿಸಿಕೊಂಡು ಮನೆಗೆ ವಾಪಸ್ಸು. ಒಂದು ಸಂಜೆ ಚೆಂಡುಹೂವಿನ ಹೊಲದಿಂದ ಗುರುತಿನವರೊಬ್ಬರು, "ಏನ್ ಸಾ, ಗಾಡಿ ಮ್ಯಾಲೆ ನೀವ್ ಕುಂತ್ಕಂಡು ಕೂಸ್ನ ಮುಂದ್ಬುಟ್ಟು ಓಡಿಸ್ತಾ ಇದ್ದೀರಲ್ಲ, ಅದೇನ್ ನಾಯಾ?" ಎಂದು ಜೋರಾಗಿ ಕೂಗಿದರು. ರಮ್ಯ ನಾಚಿಕೊಂಡು ಮರುದಿನ ಬರುವುದಿಲ್ಲವೆಂದು ಹಟ ಹಿಡಿದಳು.

ತಿಂಗಳಾದ ಮೇಲೆ ಡಾಕ್ಟರಮ್ಮನ ಮುಂದೆ ಕೂತಾಗ ಹೊಟ್ಟೆ ಹಾಗೆಯೇ ಇತ್ತು. ಪೌಡರು ಹೇಗೆ ಕೊಟ್ಟಿರಿ ಎಂದು ಅವರು ಕೇಳಿದರು. ಶಿಸ್ತನ್ನು ಮೆಚ್ಚಿಕೊಳ್ಳುವರೆಂದು, ಮೂರು ಸಲ ಉಕ್ಕಿಸಿದ ವಿವರವನ್ನು ನಾನು ಎದೆಯುಬ್ಬಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅಲ್ರೀ, ಒಂದು ತಿಂಗಳಿಂದ ಅವನ್ನೆಲ್ಲ ಬೇಯಿಸಿ ಬೇಯಿಸಿ ಕೊಟ್ಟಿದ್ದೀರಲ್ರೀ!" ರಮ್ಯ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ನಾಗರತ್ನ ಸೆರಗು ಬಾಯಿಗಿಟ್ಟುಕೊಂಡಳು. ವ್ಯಾಯಾಮದ ಕತೆಯನ್ನು ಮಗಳೇ ಹೇಳಿದಳು. ಎಲ್ಲ ಕೇಳಿ ಡಾಕ್ಟರಮ್ಮ, "ಇನ್ನು ಮುಂದೆ ಪೌಡರು ತಾಯಿ ಕೊಡಲಿ, ತಣ್ಣಗಿನ ನೀರಿನಲ್ಲಿ. ಆಟ ಶಾಲೆಯಲ್ಲೇ ಆಡಲಿ. ಅಪ್ಪ ದೂರ ಇರಲಿ" ಎಂದರು. ಆ ಕೊನೆಯ ಮಾತನ್ನು ಚೀಟಿಯಲ್ಲಿ ಬರೆಯಲಿಲ್ಲ, ಅದೊಂದು ಪುಣ್ಯ.

ರಮ್ಯ ಖೋ-ಖೋ ಸೇರಿದಳು. ನಾನು ದೂರವಿದ್ದೆ, ಮೈದಾನದ ಬೇಲಿಯಾಚೆಯಷ್ಟು ದೂರ. ಐದಾರು ವಾರವಾಗಿತ್ತು, ಒಂದು ಸಂಜೆ ನನ್ನ ಕಣ್ಣೆದುರೇ ಮುಗ್ಗರಿಸಿ ಬಿದ್ದಳು. ಮೊಣಕಾಲಿನಲ್ಲಿ ರಕ್ತ. ಆಸ್ಪತ್ರೆಯ ದಿನಗಳಲ್ಲಿ ಅವಳ ಒಸಡಿನಲ್ಲಿ ಒಂದು ತೊಟ್ಟು ರಕ್ತ ಕಂಡರೂ ಮೈಸೂರಿನ ಬಸ್ಸು ಹತ್ತುತ್ತಿದ್ದೆವು. ನಾನು ಬೇಲಿ ಹಾರಿ, ಪ್ಯಾಂಟು ಹರಿದುಕೊಂಡು ಒಳಗೆ ನುಗ್ಗಿದೆ. ಪಿ.ಟಿ. ಮೇಷ್ಟ್ರು ವಿಷಲ್ ಊದಿದರು. ರಮ್ಯ ಮೊಣಕಾಲಿಗೆ ಅಂಗೈಯಷ್ಟು ಮಣ್ಣು ಒತ್ತಿಕೊಂಡು, "ಆಚೆಗೋಗಪ್ಪಾ, ಆಟ ನಿಂತೋಯ್ತದೆ!" ಎಂದವಳೇ ಎದ್ದು ಓಡಿದಳು. ರಕ್ತ ತಾನಾಗಿಯೇ ನಿಂತಿತು. ಮೈದಾನದ ನಡುವೆ ಮೂವತ್ತು ಹುಡುಗಿಯರೆದುರು ನನಗೆ ಅಳು ಬಂತು. ಮೇಷ್ಟ್ರು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

ಮನೆಗೆ ಬಂದವಳೇ, "ಅಮ್ಮಾ, ಹಸಿವು, ಬೇಗ ಬಡಿಸು" ಎಂದು ಕೂಗಿದಳು. ಐದು ವರ್ಷದಲ್ಲಿ ಆ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಒಂದು ಮುದ್ದೆ ಸೊಪ್ಪಿನ ಸಾರಿನಲ್ಲಿ ಇಳಿಯಿತು, ಆಮೇಲೆ ಅನ್ನ, ಮೊಸರು, ಮತ್ತೆ ಅನ್ನ. ನಾನು ಊಟ ಬಿಟ್ಟು ಅವಳ ಮೊಣಕಾಲನ್ನೇ ನೋಡುತ್ತಾ ಕೂತಿದ್ದೆ. ನಾಗರತ್ನ ಸೌಟು ಹಿಡಿದು ನನ್ನ ಕಡೆ ತಿರುಗಿದಳು. "ಅವಳು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವರ್ಷ ಆಯ್ತು ಕಣ್ರೀ. ನೀವು ಬರೋದ್ಯಾವಾಗ?"

ನಾನು ಮೊಸರಿಗೆಂದು ತಟ್ಟೆಯನ್ನು ಮುಂದೆ ಚಾಚಿದೆ. ರಮ್ಯ ಆಗಲೇ ಗಡಿಗೆಯ ತಳವನ್ನು ಬೆರಳಿನಲ್ಲಿ ಬಳಿಯುತ್ತಿದ್ದಳು. ಅಂದು ನಾನು ಬರೀ ಅನ್ನವನ್ನೇ ಉಂಡೆ, ಅದೂ ಎರಡು ಸಲ ಬಡಿಸಿಕೊಂಡು.